ಮೈಸೂರಿನಲ್ಲೇ ಇದ್ದು ಮೈಸೂರು ನೋಡುವುದು: ಮದುವೆ ವಾರ್ಷಿಕೋತ್ಸವಕ್ಕೆ ಒಂದು ರಾತ್ರಿ, ಒಂದು ಬೆಳಿಗ್ಗೆ

ಮೈಸೂರಿನವರು ಅರಮನೆಯೊಳಗೆ ಕಾಲಿಡುವುದು ನೆಂಟರು ಬಂದಾಗ. ಆಗಲೂ ಗಮನವೆಲ್ಲ ಟಿಕೆಟ್ ಸಾಲಿನ ಮೇಲೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ಮಕ್ಕಳು ಎಲ್ಲಿ ತಪ್ಪಿಸಿಕೊಂಡಾರೋ ಎಂಬುದರ ಮೇಲೆ. ಯಾರಿಗೂ ತೋರಿಸುವ ಹೊಣೆಯಿಲ್ಲದೆ ಗಂಡ ಹೆಂಡತಿ ಇಬ್ಬರೇ ಊರು ನೋಡಲು ಮದುವೆಯ ದಿನ ಒಳ್ಳೆಯ ನೆಪ. ಆದರೆ ಬೆಳಿಗ್ಗೆ ಹೊರಟು ರಾತ್ರಿ ಮನೆಗೇ ಬಂದರೆ ಬಾಗಿಲು ತೆಗೆದ ಕೂಡಲೇ ಪಾತ್ರೆ, ಬಟ್ಟೆ, ನಾಳೆಯ ತಿಂಡಿಯ ಯೋಚನೆ ಶುರುವಾಗುತ್ತದೆ. ಆದ್ದರಿಂದ ಒಂದು ರಾತ್ರಿ ಹೊರಗೆ ಉಳಿಯಲೇಬೇಕು.

ಮೊದಲು ವಾರ ನೋಡಿ, ಆಮೇಲೆ ತಾರೀಖು. ಅರಮನೆಯ ದೀಪಾಲಂಕಾರ ಪೂರ್ತಿ ಹೊತ್ತು ಇರುವುದು ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ. ನಿಮ್ಮ ದಿನ ಬುಧವಾರ ಬಂದಿದ್ದರೆ ಮನೆಯಲ್ಲಿ ದೇವರಿಗೆ ದೀಪ ಹಚ್ಚಿ, ಪಾಯಸ ಮಾಡಿ, ಸುತ್ತಾಟವನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳಿ. ಸೋಮವಾರ ಅರ್ಧ ದಿನ ರಜೆ ಹಾಕಿದರೆ ಸಾಕು. ಮಂಗಳವಾರ ಮೃಗಾಲಯ, ಕಾರಂಜಿ ಕೆರೆ ಎರಡಕ್ಕೂ ರಜೆ. ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಕಡೆ ಹೋಗುವ ಯೋಚನೆಯೇ ಬೇಡ. ದಸರಾ ದಿನಗಳನ್ನೂ ಬಿಡಿ.

ಇನ್ನು ರೂಮು. ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ನಿಮ್ಮ ಮದುವೆ ಮುಹೂರ್ತದ ಕಾಲದಲ್ಲೇ ಆಗಿರುತ್ತದೆ, ಹಾಗಾಗಿ ವಾರ್ಷಿಕೋತ್ಸವವೂ ಮದುವೆ ಸೀಸನ್ನಿನಲ್ಲೇ ಬರುತ್ತದೆ. ಬೇರೆಯವರ ಮದುವೆಗೆ ಬಂದ ದಿಬ್ಬಣದವರು ರೂಮುಗಳನ್ನು ಹಿಡಿದಿಟ್ಟಿರುತ್ತಾರೆ. ಮೂರು ವಾರ ಮುಂಚೆ ಕಾದಿರಿಸಿ. ಎರಡನೆಯದು ಹೆಚ್ಚಿನವರಿಗೆ ಕೌಂಟರಿನ ಮುಂದೆ ನಿಂತಾಗಲೇ ತಿಳಿಯುವುದು: ಕೆಲವು ಲಾಡ್ಜುಗಳು ಅದೇ ಊರಿನ ವಿಳಾಸವಿರುವ ಆಧಾರ್ ಕಾರ್ಡಿಗೆ ರೂಮು ಕೊಡುವುದಿಲ್ಲ. ಆನ್‌ಲೈನಿನಲ್ಲಿ ದುಡ್ಡು ಕಟ್ಟಿದ್ದರೂ ಅಷ್ಟೇ. ಆದ್ದರಿಂದ ಕಟ್ಟುವ ಮೊದಲೇ ಫೋನ್ ಮಾಡಿ, “ನಾವು ಮೈಸೂರಿನವರೇ, ಗಂಡ ಹೆಂಡತಿ, ಲೋಕಲ್ ಆಧಾರ್ ನಡೆಯುತ್ತದೆಯೇ?” ಎಂದು ನೇರವಾಗಿ ಕೇಳಿ. ಒಪ್ಪಿದವರ ಹೆಸರು ಬರೆದಿಟ್ಟುಕೊಳ್ಳಿ, ಇಬ್ಬರ ಗುರುತಿನ ಚೀಟಿಯನ್ನೂ ಒಯ್ಯಿರಿ. ರೂಮು ಅರಮನೆಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಈಜುಕೊಳ, ಬಾಲ್ಕನಿಗಿಂತ ಈ ಯೋಜನೆಗೆ ಅದೇ ಮುಖ್ಯ.

ಸ್ವಂತ ಸ್ಕೂಟರು, ಕಾರು ಮನೆಯಲ್ಲೇ ಬಿಡಿ. ಭಾನುವಾರ ಸಂಜೆ ಅರಮನೆಯ ಸುತ್ತ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಹಾಲು, ಪೇಪರು ಒಂದು ದಿನ ಬೇಡ ಎಂದು ಹೇಳಿ, ಕೀಲಿ ಪಕ್ಕದ ಮನೆಯಲ್ಲಿ ಕೊಟ್ಟು ಆಟೋದಲ್ಲಿ ಹೊರಡಿ.

ಮುಹೂರ್ತದ ಸೀರೆ ಉಡುವ ಆಸೆಯಿದ್ದರೆ ಒಂದು ವಾರ ಮೊದಲೇ ಬೀರುವಿನಿಂದ ತೆಗೆಯಬೇಕು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ನೆರಳಲ್ಲಿ, ಒಳಮೈ ಹೊರಗೆ ಮಾಡಿ ಹರವಿ, ಎರಡು ದಿನ ಗಾಳಿಯಾಡಲು ಬಿಡಿ. ನುಸಿಗುಳಿಗೆಯ ವಾಸನೆ ಅಷ್ಟಕ್ಕೇ ಹೋಗುತ್ತದೆ. ವಾಸನೆ ಹೋಗಲೆಂದು ಸೆಂಟು ಹೊಡೆಯಬೇಡಿ, ಬಿದ್ದ ಕಡೆ ಜರಿ ಕಪ್ಪಾಗುತ್ತದೆ. ಸೀರೆ ಉಡುವುದು ಸಂಜೆಗೆ ಮಾತ್ರ, ಉಳಿದ ಹೊತ್ತೆಲ್ಲ ಹತ್ತಿ ಬಟ್ಟೆ.

ಭಾನುವಾರ ಹನ್ನೆರಡಕ್ಕೆ ರೂಮು ಸೇರಿ, ಊಟ ಮಾಡಿ ಮಲಗಿ. ಬಿಸಿಲಲ್ಲಿ ಅಲೆದರೆ ಸಂಜೆಗೆ ಮುಖ ಬಾಡಿರುತ್ತದೆ. ನಾಲ್ಕೂವರೆಗೆ ದೇವರಾಜ ಮಾರುಕಟ್ಟೆಗೆ ನಡೆದು ಹೋಗಿ. ದಾರಿಯಲ್ಲಿ ದೊಡ್ಡ ಗಡಿಯಾರ ಸಿಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಕಟ್ಟಿದ್ದು. ಇಪ್ಪತ್ತೈದು ತುಂಬಿದ ದಂಪತಿ ಫೋಟೋ ತೆಗೆಸಿಕೊಳ್ಳಬೇಕಾದ ಜಾಗ ಇದೇ.

ಮಾರುಕಟ್ಟೆಯಲ್ಲಿ ಹೂವಿನ ಸಾಲಿಗೆ ಹೋಗಿ. ಏಳು ಗಂಟೆಗೆ ಮುಡಿಯುವ ಹೂವಾದರೆ ನಾಲ್ಕೂವರೆಗೆ ಇನ್ನೂ ಬಿರಿಯದ ಮೊಗ್ಗಿನದೇ ಬೇಕು. ಆಗಲೇ ಅರಳಿದ್ದನ್ನು ಕೊಂಡರೆ ರಾತ್ರಿ ಊಟದ ಹೊತ್ತಿಗೆ ಅಂಚು ಕಂದಿರುತ್ತದೆ. ತೊಟ್ಟು ಹಸಿರಾಗಿರಲಿ, ಹೂವು ಒತ್ತಾಗಿ ಕಟ್ಟಿರಲಿ. ಮಾರುವವರ ಮೊಳ ಒಬ್ಬೊಬ್ಬರದು ಒಂದೊಂದು ಉದ್ದ, ಆದ್ದರಿಂದ ಎರಡು ಮೊಳ ಬೇಕಿದ್ದಲ್ಲಿ ಮೂರು ಕೇಳಿ. ಬಾಳೆಲೆಯಲ್ಲಿ ಸುತ್ತಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಮಲ್ಲಿಗೆ ಬೆವರಿ ಹಳದಿಯಾಗುತ್ತದೆ. ಮೈಸೂರು ಮಲ್ಲಿಗೆ ತುಂಬ ಬರುವುದು ಬೇಸಿಗೆಯಲ್ಲಿ, ಚಳಿಗಾಲವಾದರೆ ಕಾಕಡಕ್ಕೆ ಒಪ್ಪಿಕೊಳ್ಳಿ. ಹಾಗೆಯೇ ಒಂದಿಷ್ಟು ಚಿಗುರೆಲೆ, ಅಡಿಕೆ ಕೊಂಡುಕೊಳ್ಳಿ, ರಾತ್ರಿ ಊಟದ ಮೇಲೆ ಬೇಕಾಗುತ್ತದೆ.

ಅರಮನೆಯ ಆವರಣದಲ್ಲಿ ಆರೂವರೆಗೇ ಇರಬೇಕು. ಏಳಕ್ಕೆ ದೀಪ ಹತ್ತುವ ಆ ಒಂದು ಕ್ಷಣಕ್ಕಾಗಿಯೇ ಇಷ್ಟೆಲ್ಲ ತಯಾರಿ. ಸುಮಾರು 97,000 ಬಲ್ಬುಗಳು ಒಮ್ಮೆಗೇ ಹೊತ್ತಿಕೊಂಡಾಗ ಮೈದಾನದಲ್ಲಿರುವ ಜನರೆಲ್ಲ ಒಂದೇ ದನಿಯಲ್ಲಿ ಉದ್ಗರಿಸುತ್ತಾರೆ. ಏಳೂ ಹತ್ತಕ್ಕೆ ಬಂದರೆ ಬೆಳಕು ಸಿಗುತ್ತದೆ, ಆ ಉದ್ಗಾರ ಸಿಗುವುದಿಲ್ಲ. ಮೊದಲ ಐದು ನಿಮಿಷ ಮೊಬೈಲ್ ತೆಗೆಯಬೇಡಿ, ಫೋಟೋಗೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಟಾಂಗಾ ಹತ್ತುವ ಮನಸ್ಸಿದ್ದರೆ ಏರುವ ಮೊದಲೇ ದಾರಿ ಮತ್ತು ಬಾಡಿಗೆ ಎರಡನ್ನೂ ಮಾತಾಡಿ ಮುಗಿಸಿ. ಕುದುರೆ ಬಡಕಲಾಗಿದ್ದರೆ ಹತ್ತಬೇಡಿ.

ಸೋಮವಾರ ಬೆಳಿಗ್ಗೆ ಬೆಟ್ಟ. ಮಂಡಿ ಗಟ್ಟಿಯಿದ್ದವರು ಆರಕ್ಕೆ ಪಾದದಿಂದ ಹತ್ತಲಿ. ಮೆಟ್ಟಿಲು ಸಾವಿರಕ್ಕೂ ಹೆಚ್ಚು, ಏಳುನೂರರ ಸುಮಾರಿಗೆ ನಂದಿ. ಆಗದವರು ಸಿಟಿ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ಸಿನಲ್ಲಿ ಮೇಲೆ ಹೋಗಿ, ದರ್ಶನ ಮುಗಿಸಿ, ನಂದಿಯವರೆಗಿನ ಮುನ್ನೂರು ಮೆಟ್ಟಿಲು ಇಳಿಯಬಹುದು. ನಂದಿಯ ತನಕ ರಸ್ತೆ ಇರುವುದರಿಂದ ಒಂದು ಆಟೋಗೆ ಅಲ್ಲಿಗೇ ಬರಲು ಹೇಳಿಡಿ. ಮಂಡಿಗೆ ಹೆಚ್ಚು ಪೆಟ್ಟು ಬೀಳುವುದು ಇಳಿಯುವಾಗ, ಆದ್ದರಿಂದ ಪೂರ್ತಿ ಹತ್ತಿದವರೂ ಬಸ್ಸಿನಲ್ಲೇ ಇಳಿದರೆ ಒಳ್ಳೆಯದು. ದೊಡ್ಡ ದೇವರಾಜ ಒಡೆಯರ ಕಾಲದ ಈ ನಂದಿ ಒಂದೇ ಬಂಡೆಯಲ್ಲಿ ಕಡೆದದ್ದು. ಕೊರಳ ಗೆಜ್ಜೆ, ಗಂಟೆಗಳ ಕೆತ್ತನೆಯನ್ನು ಒಂದೊಂದಾಗಿ ನೋಡುತ್ತ ಒಂದು ಸುತ್ತು ಬನ್ನಿ.

ತಿಂಡಿಗೆ ನಜರಬಾದಿನ ಮೈಲಾರಿ ದೋಸೆ. ಮೆತ್ತಗಿನ ದೋಸೆ, ಒಳಗೆ ಸಾಗು, ಮೇಲೊಂದು ಮುದ್ದೆ ಬೆಣ್ಣೆ. ಕರಗುವ ಮೊದಲೇ ತಿನ್ನಿ.

ಅರಮನೆಯ ಒಳಗನ್ನು ಭಾನುವಾರದ ನೂಕುನುಗ್ಗಲಿನಲ್ಲಲ್ಲ, ಸೋಮವಾರ ಹತ್ತಕ್ಕೆ ಬಾಗಿಲು ತೆರೆದ ಕೂಡಲೇ ನೋಡಬೇಕು. ಗೊಂಬೆತೊಟ್ಟಿ ದಾಟಿ ಕಲ್ಯಾಣ ಮಂಟಪಕ್ಕೆ ಬಂದಾಗ ಹಿಂದಿನವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತುಕೊಳ್ಳಿ. ಎಂಟು ಮೂಲೆಯ ಆ ಮಂಟಪದಲ್ಲಿ ತಲೆ ಎತ್ತಿದರೆ ಗ್ಲಾಸ್ಗೋದಿಂದ ತರಿಸಿದ ಬಣ್ಣದ ಗಾಜಿನ ನವಿಲುಗಳು, ಸುತ್ತಲ ಗೋಡೆಯಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳು. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದದ್ದು ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲೇ. ಅದಾದ ಮೇಲೆ ಎದ್ದು 1912ರಲ್ಲಿ ಮುಗಿದ ಈ ಅರಮನೆಯಲ್ಲಿ ಮದುವೆಗೆಂದೇ ಇಷ್ಟು ಚಂದದ ಒಂದು ಮಂಟಪ ಕಟ್ಟಿದರು. ಅಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಹನ್ನೊಂದೂವರೆಗೆ ಹೊರಟರೆ ಹನ್ನೆರಡಕ್ಕೆ ರೂಮು ಬಿಡಲು ಸರಿಹೋಗುತ್ತದೆ. ಮೈಸೂರು ಪಾಕು ಕೊಳ್ಳುವುದಿದ್ದರೆ ಮನೆಗೆ ಹೋಗುವ ದಾರಿಯಲ್ಲಿ ಅರ್ಧ ಕೆಜಿ ತೆಗೆದುಕೊಳ್ಳಿ, ಕೀಲಿ ಇಟ್ಟುಕೊಂಡ ಪಕ್ಕದ ಮನೆಯವರಿಗೂ ಸೇರಿಸಿ.