ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್: ಕೈಗೆಟುಕುವ ಖರ್ಚಿನಲ್ಲಿ ಮನೆಮಂದಿಯ ಪ್ರವಾಸ

ಯೂನಿವರ್ಸಲ್ ಸ್ಟುಡಿಯೋಸ್ ಎಂದರೆ ಸಿನಿಮಾ ಕಥೆಗಳ ರೈಡ್‌ಗಳಿರುವ ಮನರಂಜನಾ ಪಾರ್ಕ್. ಅಲ್ಲಿಗೆ ಹೋಗಲು ಮೊದಲು ತಾರೀಕು ಗೊತ್ತುಮಾಡಿ. ಸಿಂಗಪುರದ ಶಾಲೆಗಳಿಗೆ ಜೂನ್‌ನಲ್ಲಿ, ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ದೊಡ್ಡ ರಜೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಒಂದೊಂದು ವಾರ. ನಮ್ಮ ಮಕ್ಕಳಿಗೆ ರಜೆ ಏಪ್ರಿಲ್–ಮೇನಲ್ಲಿ ಮತ್ತು ದಸರೆಗೆ. ಅವರ ರಜೆ, ನಮ್ಮ ರಜೆ ಒಂದೇ ಹೊತ್ತಿಗೆ ಬೀಳದಿರುವುದರಿಂದ ನಾವು ಹೋದಾಗ ಅಲ್ಲಿನ ಮಕ್ಕಳು ಶಾಲೆಯಲ್ಲಿರುತ್ತಾರೆ, ಈ ಅನುಕೂಲ ಬಿಡಬೇಡಿ. ವಾರದ ನಡುವೆ ಹೋದರೆ ಸರದಿ ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್‌ಗೆ ದುಡ್ಡು ಸುರಿಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಪಾರ್ಕ್ ಯಾವ ದಿನ ತೆರೆದಿರುತ್ತದೆ ಎಂದು ನೋಡಿಕೊಂಡೇ ವಿಮಾನದ ಟಿಕೆಟ್ ಮಾಡಿಸಿ.

ಆಮೇಲೆ ಮಕ್ಕಳ ಎತ್ತರ ಅಳೆಯಿರಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್ ಗುರುತು ಹಾಕಿ. ಟ್ರಾನ್ಸ್‌ಫಾರ್ಮರ್ಸ್ ರೈಡ್‌ಗೆ 102 ಸೆಂ.ಮೀ., ಮಮ್ಮಿ ರೋಲರ್ ಕೋಸ್ಟರ್‌ಗೆ 122, ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ ರೋಲರ್ ಕೋಸ್ಟರ್‌ಗೆ 125 ಇರಲೇಬೇಕು. ಬಾಗಿಲಲ್ಲೇ ಅಳೆಯುತ್ತಾರೆ, ಗೋಗರೆದರೂ ಬಿಡುವುದಿಲ್ಲ. 118 ಸೆಂ.ಮೀ. ಇರುವ ತಂಗಿಗೆ ಈ ಮಾತನ್ನು ಮನೆಯಲ್ಲೇ ಹೇಳಿ ಒಪ್ಪಿಸಿ. ಅಣ್ಣ ಒಳಗೆ ಹೋಗುವಾಗ ಅವಳು ಹೊರಗೆ ನಿಂತು ಅಳುವಂತಾಗಬಾರದು. ಟಿಕೆಟ್ ದರಕ್ಕೆ ಮಾತ್ರ ವಯಸ್ಸೇ ಲೆಕ್ಕ: 4 ತುಂಬದವರಿಗೆ ಉಚಿತ, 4ರಿಂದ 12ರವರೆಗೆ ಮಕ್ಕಳ ದರ, 60 ತುಂಬಿದ ಅಜ್ಜಿ–ತಾತನಿಗೆ ರಿಯಾಯಿತಿ.

ವೀಸಾ ಶುಲ್ಕ ತಲಾ 30 ಸಿಂಗಪುರ ಡಾಲರ್. ಅದರ ಮೇಲೆ ಅಧಿಕೃತ ಏಜೆಂಟರು ಸೇವಾಶುಲ್ಕ ಹಾಕುತ್ತಾರೆ. ಅದು ಒಬ್ಬೊಬ್ಬರದು ಒಂದೊಂದು ಥರ, ನಾಲ್ಕು ಕಡೆ ವಿಚಾರಿಸಿ. ಪಾಸ್‌ಪೋರ್ಟ್‌ಗೆ ಇನ್ನೂ 6 ತಿಂಗಳ ಅವಧಿ ಇರಬೇಕು. ಮಕ್ಕಳದ್ದು 5 ವರ್ಷಕ್ಕೇ ಮುಗಿಯುವುದರಿಂದ ಬಹಳ ಜನ ಎಡವುವುದು ಇಲ್ಲೇ. ಇಳಿಯುವ ಮುಂಚಿನ 3 ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬುವ ಅರೈವಲ್ ಕಾರ್ಡ್ ಪೂರ್ತಿ ಉಚಿತ. ಅದಕ್ಕೆ ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಪಾರ್ಕ್ ಇರುವ ಸೆಂಟೋಸಾ ದ್ವೀಪದಲ್ಲಿ ಹೋಟೆಲ್ ದುಬಾರಿ. ಲಿಟಲ್ ಇಂಡಿಯಾ ಅಥವಾ ಫ್ಯಾರರ್ ಪಾರ್ಕ್ ಸ್ಟೇಷನ್ ಹತ್ತಿರ ರೂಮ್ ಮಾಡಿ. ಇಡ್ಲಿ, ದೋಸೆ, ಸಸ್ಯಾಹಾರಿ ಊಟ ಕಾಲಳತೆಯಲ್ಲೇ ಸಿಗುತ್ತದೆ. ಅಲ್ಲಿಂದ ನೇರಳೆ ಬಣ್ಣದ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಕೊನೆಯ ಹಾರ್ಬರ್‌ಫ್ರಂಟ್‌ನಲ್ಲಿ ಇಳಿಯಬಹುದು. ಬುಕ್ ಮಾಡುವಾಗ ಮಕ್ಕಳ ಸಂಖ್ಯೆಯನ್ನೂ ಸೇರಿಸಿ, ಇಲ್ಲದಿದ್ದರೆ ಕೌಂಟರ್‌ನಲ್ಲಿ ಹೆಚ್ಚುವರಿ ಹಣ ಕೇಳಬಹುದು. ಕಡಿಮೆ ದರದ ಎಷ್ಟೋ ರೂಮುಗಳಿಗೆ ಕಿಟಕಿಯೇ ಇರುವುದಿಲ್ಲ, ಅದನ್ನೂ ಓದಿ ನೋಡಿ. ಮೆಟ್ರೊದಲ್ಲಿ ಒಂದೇ ಕಾರ್ಡ್‌ನಿಂದ ಎಲ್ಲರೂ ಹೋಗಲಾಗದು, ಟಿಕೆಟ್ ಬೇಕಾದ ಪ್ರತಿಯೊಬ್ಬರಿಗೂ ಬೇರೆ ಕಾರ್ಡ್ ಬೇಕು.

ಹಾರ್ಬರ್‌ಫ್ರಂಟ್‌ನಿಂದ ದ್ವೀಪಕ್ಕೆ ಸೆಂಟೋಸಾ ಎಕ್ಸ್‌ಪ್ರೆಸ್ ರೈಲಿಗೆ ತಲಾ 4 ಡಾಲರ್, ವಾಪಸ್ ಬರಲು ಉಚಿತ. ಬೋರ್ಡ್‌ವಾಕ್ ಎಂಬ ಕಾಲುದಾರಿಯ ಮೇಲೆ ನಡೆದು ಹೋದರೆ ಆ ಹಣವೂ ಬೇಡ. ಬೆಳಗ್ಗೆ ಕಾಲು ಹಗುರವಾಗಿದ್ದಾಗ ನಡೆಯಿರಿ, ಸಂಜೆ ರೈಲು ಹಿಡಿಯಿರಿ.

ಖಾಲಿ ನೀರಿನ ಬಾಟಲಿ ಒಯ್ಯಿರಿ, ನಲ್ಲಿ ನೀರು ಕುಡಿಯಲು ಯೋಗ್ಯ. ಚ್ಯೂಯಿಂಗ್ ಗಮ್, ಗುಟ್ಕಾ ಬ್ಯಾಗಿನಲ್ಲಿ ಇರಲೇಬಾರದು, ಎರಡಕ್ಕೂ ನಿಷೇಧವಿದೆ. ಮಧ್ಯಾಹ್ನ ಗುಡುಗು–ಮಿಂಚು ಬಂದರೆ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ, ಟಿಕೆಟ್ ಹಣ ಮರಳುವುದಿಲ್ಲ. ಆದ್ದರಿಂದ ಬಯಲಿನವು ಬೆಳಗ್ಗೆಯೇ ಮುಗಿಯಲಿ. ಸೂರಿನಡಿ ಇರುವ ಟ್ರಾನ್ಸ್‌ಫಾರ್ಮರ್ಸ್, ಮಮ್ಮಿ ಮಳೆ ಹೊತ್ತಿಗೆ ಇರಲಿ. ರೇನ್‌ಕೋಟ್ ಊರಿಂದಲೇ ತನ್ನಿ, ಪಾರ್ಕ್‌ನೊಳಗೆ ಬೆಲೆ ಹೆಚ್ಚು.