ಕಮಾಡಿಟಿ ಫ್ಯೂಚರ್ಸ್ ಶುರು ಮಾಡೋಕೆ ಎಷ್ಟು ದುಡ್ಡು ಬೇಕು?

ಕಮಾಡಿಟಿ ಫ್ಯೂಚರ್ಸ್ ಅಂದರೆ ತೈಲದಂಥ ಸರಕನ್ನು ಮುಂದಿನ ದಿನಕ್ಕೆ ಈಗಲೇ ಬೆಲೆ ನಿಗದಿ ಮಾಡಿ ಕೊಳ್ಳುವ-ಮಾರುವ ಒಪ್ಪಂದ. ಹೊಸಬರು ಮಾರ್ಜಿನ್ ಎಷ್ಟು ಅಂತ ಮಾತ್ರ ನೋಡುತ್ತಾರೆ. ಅದು ಒಳಗೆ ಹೋಗೋಕೆ ಕಟ್ಟುವ ಹಣ ಅಷ್ಟೇ. ನಷ್ಟ ತಡೆದುಕೊಳ್ಳೋಕೆ ಬೇರೆ ಹಣ ಬೇಕಲ್ವಾ?

ಅಮೆರಿಕದ ನೈಮೆಕ್ಸ್ ವಿನಿಮಯ ಕೇಂದ್ರದ ಕಚ್ಚಾ ತೈಲವನ್ನೇ ನೋಡಿ. ಒಂದು ಕಾಂಟ್ರ್ಯಾಕ್ಟ್ ಅಂದರೆ 1,000 ಬ್ಯಾರೆಲ್. ಕೊಂಡ ಮೇಲೆ ಬೆಲೆ ಬರೀ 1 ಡಾಲರ್ ಇಳಿದರೂ ಅವತ್ತೇ ಖಾತೆಯಿಂದ 1,000 ಡಾಲರ್ ಹೋಗುತ್ತದೆ. ಇಷ್ಟು ಏರಿಳಿತ ತೈಲದಲ್ಲಿ ಮಾಮೂಲು. ಮೈಕ್ರೋ ಕಾಂಟ್ರ್ಯಾಕ್ಟ್ 100 ಬ್ಯಾರೆಲ್, ಹಾಗಾಗಿ ಪೆಟ್ಟು 100 ಡಾಲರ್.

ನಾನು ಹೇಳೋದು, ಒಂದು ಟ್ರೇಡ್‌ನಲ್ಲಿ ಬಂಡವಾಳದ ಶೇ. 2ಕ್ಕಿಂತ ಜಾಸ್ತಿ ಕಳೆದುಕೊಳ್ಳಬೇಡಿ. ಆ ಲೆಕ್ಕದಲ್ಲಿ 1 ಡಾಲರ್ ದೂರದ ಸ್ಟಾಪ್‌ಲಾಸ್‌ಗೆ (ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡಿ ಅಂತ ಮೊದಲೇ ಕೊಡುವ ಆದೇಶ) ಮೈಕ್ರೋದಲ್ಲಿ 5,000 ಡಾಲರ್ ಬೇಕು, ದೊಡ್ಡದರಲ್ಲಿ 50,000. ಸ್ಟಾಪ್‌ಲಾಸ್ ಕೂಡ ಪೂರ್ತಿ ಗ್ಯಾರಂಟಿಯಲ್ಲ, ಬೆಲೆ ಒಮ್ಮೆಲೇ ಕುಸಿದರೆ ನೀವು ಹೇಳಿದ ಬೆಲೆಗೆ ಮಾರಾಟ ಆಗದೇ ಇರಬಹುದು. 2020ರ ಏಪ್ರಿಲ್ 20ರಂದು ತೈಲದ ಫ್ಯೂಚರ್ಸ್ ಬೆಲೆ ಸೊನ್ನೆಗಿಂತ ಕೆಳಗೆ ಹೋಗಿತ್ತು. ಸಾಲದ ದುಡ್ಡು ಮಾತ್ರ ದಯವಿಟ್ಟು ಹಾಕಬೇಡಿ.