ಚಾರ್ಕೋಲಿನಲ್ಲಿ ಹರ್ಕ್ಯುಲಿಸ್: ಮೊದಲು ಭಾರ, ಆಮೇಲೆ ಮೈಕಟ್ಟು

ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್ ಗದೆಗೆ ಒರಗಿ ನಿಂತ ಹಳೇ ಶಿಲ್ಪ, ಫಾರ್ನೇಸೆ ಹರ್ಕ್ಯುಲಿಸ್, ಅದನ್ನು ಬರೆಯಲು ಕೂತವರು ಮೊದಲು ಹೊಟ್ಟೆಯ ಮಾಂಸಖಂಡಕ್ಕೇ ಕೈ ಹಾಕುತ್ತಾರೆ. ನಾನೂ ಹಾಗೇ ಮಾಡಿದ್ದೆ. ಒಂದೊಂದು ಉಬ್ಬಿಗೂ ಒಂದೇ ಸಮ ಕಪ್ಪು ಬಳಿದು ಬಳಿದು ಮೈಯೆಲ್ಲ ಹಲಸಿನಹಣ್ಣಿನ ಸಿಪ್ಪೆ ಥರ ಆಗಿತ್ತು. ಅಮ್ಮ ನೋಡಿ "ಇವನ್ಯಾಕೋ ಬೀಳ್ತಾ ಇದಾನೆ?" ಅಂದರು.

ಅಸಲಿ ಶಿಲ್ಪ ಇರುವುದು ಇಟಲಿಯ ನೇಪಲ್ಸ್ ಮ್ಯೂಸಿಯಂನಲ್ಲಿ. ಹತ್ತಡಿಗೂ ಜಾಸ್ತಿ ಎತ್ತರ. ಬೆಂಗಳೂರಲ್ಲಿ ಕೂತ ನಮಗೆ ಫೋಟೋನೇ ಗತಿ. ಆದರೆ ಮೊಬೈಲ್ ನೋಡಿಕೊಂಡು ಬರೆಯಬೇಡಿ, ಅಳತೆ ಸಿಗುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಮುಂದಿನದು, ಪಕ್ಕದ್ದು, ಹಿಂದಿನದು ಅಂತ ಮೂರು ಎ3 ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ.

ಈಗ ಒಂದು ದಾರಕ್ಕೆ ರಬ್ಬರ್ ಕಟ್ಟಿ, ಗಾರೆ ಕೆಲಸದವರು ಗುಂಡು ಇಳಿಬಿಡುವ ಹಾಗೆ, ಮುಂದಿನ ಪ್ರಿಂಟಿನ ಮೇಲೆ ಕತ್ತಿನ ಗುಳಿಯಿಂದ ಇಳಿಬಿಡಿ. ಭಾರ ಎಲ್ಲಿಗೆ ಹೋಗುತ್ತಿದೆ ನೋಡಿ. ಬಲಗಾಲು ಮೈ ಹೊತ್ತಿದೆ, ಎಡಗಾಲು ಸುಮ್ನೆ ಮುಂದಿದೆ, ಮಿಕ್ಕಿದ್ದೆಲ್ಲ ಎಡ ಕಂಕುಳ ಕೆಳಗಿನ ಗದೆಯ ಮೇಲೆ. ಗದೆಗೆ ಸಿಂಹದ ಚರ್ಮ ಹೊದಿಸಿದೆ, ಅದರ ಬುಡ ಬಂಡೆಯ ಮೇಲಿದೆ. ಗದೆ, ಬಂಡೆ, ಮೈ ಮೂರನ್ನೂ ಒಟ್ಟಿಗೇ ಗೆರೆ ಹಾಕಿಕೊಳ್ಳಿ. ಗದೆಯನ್ನು ಆಮೇಲೆ ನೋಡಿಕೊಳ್ಳೋಣ ಅಂತ ಬಿಟ್ಟಿದ್ದಕ್ಕೇ ನನ್ನವನು ಬಿದ್ದದ್ದು.

ತಲೆ ಚಿಕ್ಕದಾಗಿ ಬಂದರೆ ತಿದ್ದಬೇಡಿ. ಇದು ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಶಿಲ್ಪಿ ಲಿಸಿಪ್ಪಸ್ ಮಾಡಿದ ಕಂಚಿನ ಶಿಲ್ಪ ನೋಡಿ ಗ್ಲೈಕನ್ ಅನ್ನುವವನು ಅಮೃತಶಿಲೆಯಲ್ಲಿ ಕೆತ್ತಿದ್ದು, ಲಿಸಿಪ್ಪಸ್‌ನ ಅಳತೆಯಲ್ಲಿ ತಲೆ ಇರುವುದೇ ಚಿಕ್ಕದು.

ಕಾಲು ಬರೆಯುವಾಗ ಮಾತ್ರ ಜೋಕೆ. 1546ರಲ್ಲಿ ರೋಮ್‌ನ ಕ್ಯಾರಕಲ್ಲಾ ಸ್ನಾನಗೃಹಗಳ ಅವಶೇಷದಲ್ಲಿ ಈ ಶಿಲ್ಪ ಸಿಕ್ಕಾಗ ಕಾಲುಗಳಿರಲಿಲ್ಲ. ಗುಗ್ಲಿಯೆಲ್ಮೊ ದೆಲ್ಲಾ ಪೋರ್ತಾ ಅನ್ನುವ ಶಿಲ್ಪಿ ಹೊಸವು ಮಾಡಿ ಜೋಡಿಸಿದ. ಆಮೇಲೆ ಅಸಲಿ ಕಾಲು ಸಿಕ್ಕರೂ 18ನೇ ಶತಮಾನದ ಕೊನೆಯವರೆಗೆ ಇವೇ ಇದ್ದವು (ಅಷ್ಟು ಚೆನ್ನಾಗಿ ಮಾಡಿದ್ದ ಅಂತಾಯ್ತು, ಅಲ್ವಾ). ಹಾಗಾಗಿ 16-17ನೇ ಶತಮಾನದ ಮುದ್ರಣಚಿತ್ರಗಳಲ್ಲಿ ಕಾಣುವುದು ಹರ್ಕ್ಯುಲಿಸ್‌ನ ಅಸಲಿ ಕಾಲಲ್ಲ. ಈಗಿನ ಫೋಟೋ ನೋಡಿ.

ನೆರಳು ಹಾಕುವ ಮೊದಲು ಒಂದು ಬೆಳಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ ವಿಕ್ಟೋರಿಯಾ ರಾಣಿಯ ಅಮೃತಶಿಲೆ ಪ್ರತಿಮೆ ಮುಂದೆ ಅರ್ಧ ಗಂಟೆ ಕೂತುಕೊಳ್ಳಿ. ಸೀರೆಯಂಥ ಮಡಿಕೆಗಳೇ ಜಾಸ್ತಿ, ಮಾಂಸಖಂಡ ಏನೂ ಇಲ್ಲ, ಆದರೂ ಬಿಳಿ ಕಲ್ಲಿನ ನೆರಳಿನೊಳಗೂ ಒಂದಿಷ್ಟು ಬೆಳಕು ಓಡಾಡುತ್ತಿರುತ್ತದೆ, ಅದನ್ನು ಕಣ್ಣಾರೆ ನೋಡಬೇಕು. ಮನೆಗೆ ಬಂದು ಕಡುಗಪ್ಪನ್ನು ಎರಡೇ ಕಡೆ ಇಡಿ: ಕಂಕುಳು, ಗಡ್ಡದ ಕೆಳಗೆ.

ಕೊನೆಗೆ ಹಿಂದಿನ ಪ್ರಿಂಟ್. ಪುರಾಣದ ಹೆಸ್ಪೆರಿಡಿಸ್ ಅನ್ನುವ ದೇವಕನ್ಯೆಯರ ತೋಟದ ಸೇಬುಗಳನ್ನು ಅವನು ಬಲಗೈಯಲ್ಲಿ ಬೆನ್ನ ಹಿಂದೆ ಹಿಡಿದಿದ್ದಾನೆ, ಎದುರಿಂದ ಕಾಣುವುದೇ ಇಲ್ಲ. ಬೆರಳು ಬರದಿದ್ದರೆ ಮನೆಯಲ್ಲಿ ಯಾರಿಗಾದರೂ ಮೂರು ನಿಂಬೆಹಣ್ಣು ಕೊಟ್ಟು ಹಾಗೇ ನಿಲ್ಲಿಸಿ. ನನ್ನ ತಮ್ಮ ಹತ್ತು ನಿಮಿಷ ನಿಂತ, ಆಮೇಲೆ ಅಮ್ಮ ಬಂದು ಚಿತ್ರಾನ್ನಕ್ಕೆ ಅಂತ ಎರಡು ತೆಗೆದುಕೊಂಡು ಹೋದರು.